ಗದ್ಯಭಾಗದ ಮುಖ್ಯ ಆಶಯವನ್ನು ಗುರುತಿಸುವ ಕ್ರಮ: ಅರಿವು ಕೇಂದ್ರಗಳಲ್ಲಿ ಬಳಸಲು ಒಂದು ಅಭ್ಯಾಸ ಪಾಠ

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ

1. ಈ ವಿಷಯ ಪಂಚಾಯಿತಿಗೆ ಏಕೆ ಸಂಬಂಧಿಸಿದ್ದು

ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದು, ‘ಗ್ರಂಥಾಲಯ ಮತ್ತು ಅರಿವು ಕೇಂದ್ರ’ಗಳೆಂದು ಹೆಸರು ಪಡೆದಿರುವುದು ತಮಗೆಲ್ಲ ತಿಳಿದ ಸಂಗತಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಸದಸ್ಯರಾಗಿ ಸೇರಿದ್ದಾರೆ. ಅನೇಕ ಕೇಂದ್ರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆಂದೇ ಒಂದು ಕಪಾಟು ಇದೆ. ಕಟ್ಟಡ, ಪುಸ್ತಕ, ಕುರ್ಚಿ ಇವುಗಳನ್ನು ಒದಗಿಸುವುದು ಅರ್ಧ ಕೆಲಸ. ಅಲ್ಲಿಗೆ ಬಂದ ಮಗು ಓದಿದ್ದನ್ನು ಅರ್ಥ ಮಾಡಿಕೊಳ್ಳುವಂತಾಗುವುದು ಉಳಿದರ್ಧ.

ಈ ಉಳಿದರ್ಧ ಎಷ್ಟು ಮುಖ್ಯವೆಂಬುದಕ್ಕೆ ಜವಾಹರ್ ನವೋದಯ ವಿದ್ಯಾಲಯದ 6ನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಗಮನಿಸಬಹುದು. ಎರಡು ಗಂಟೆಗಳ ಈ ಪರೀಕ್ಷೆಯಲ್ಲಿ 80 ಪ್ರಶ್ನೆಗಳು, 100 ಅಂಕಗಳು. ಇದರಲ್ಲಿ ಭಾಷಾ ಪರೀಕ್ಷೆಗೆ 20 ಪ್ರಶ್ನೆಗಳು, 25 ಅಂಕಗಳು. ಈ ಇಪ್ಪತ್ತೂ ಪ್ರಶ್ನೆಗಳು ನಾಲ್ಕು ಗದ್ಯಭಾಗಗಳನ್ನು ಆಧರಿಸಿವೆ. ಒಂದೊಂದು ಗದ್ಯಭಾಗಕ್ಕೆ ಐದು ಪ್ರಶ್ನೆ. ಅಂದರೆ ಒಟ್ಟು ಅಂಕಗಳ ಕಾಲು ಭಾಗ ಓದಿ ಗ್ರಹಿಸುವ ಶಕ್ತಿಯ ಮೇಲೆಯೇ ನಿಂತಿದೆ. ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಪ್ರದೇಶದ ಮಕ್ಕಳಿಗೆ ಮೀಸಲು. ಒಂದು ಮಗು ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು. ನಮ್ಮ ಹಳ್ಳಿಯ ಮಗುವಿಗೆಂದೇ ಇರಿಸಿದ ಸ್ಥಾನವು, ಅದರ ತಾಯ್ನುಡಿಯ ನಾಲ್ಕು ಗದ್ಯಭಾಗಗಳನ್ನು ಗ್ರಹಿಸಲಾಗದ ಕಾರಣದಿಂದ ಕೈತಪ್ಪಬಾರದು.

ದೊಡ್ಡವರ ಪರೀಕ್ಷೆಗಳಲ್ಲಿಯೂ ಇದೇ ಬಗೆಯ ಪ್ರಶ್ನೆಗಳಿವೆ. ಶಿಕ್ಷಕರ ಅರ್ಹತಾ ಪರೀಕ್ಷೆಯ ಭಾಷಾ ವಿಭಾಗಗಳಲ್ಲಿ ಅಪರಿಚಿತ ಗದ್ಯ-ಪದ್ಯಗಳ ಗ್ರಹಿಕೆಯನ್ನು ಅಳೆಯುತ್ತಾರೆ. ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ ಕನಿಷ್ಠ ಶೇ. 33 ಅಂಕ ಪಡೆಯದಿದ್ದರೆ ಮೊದಲ ಪತ್ರಿಕೆಯ ಅಂಕ ಎಷ್ಟಿದ್ದರೂ ಪ್ರಯೋಜನವಿಲ್ಲ. ಆ ಪತ್ರಿಕೆಯಲ್ಲಿಯೂ ಗದ್ಯಭಾಗದ ಪ್ರಶ್ನೆಗಳಿಗೆ ದೊಡ್ಡ ಪಾಲಿದೆ. ಇವೆಲ್ಲದರಲ್ಲಿ ಅಭ್ಯರ್ಥಿಗಳು ಹೆಚ್ಚಾಗಿ ಎಡವುವ ಪ್ರಶ್ನೆ ಒಂದೇ: ‘ಈ ಗದ್ಯಭಾಗದ ಮುಖ್ಯ ಆಶಯವೇನು?’

2. ವಿಷಯ ಬೇರೆ, ಆಶಯ ಬೇರೆ

ಮೊದಲು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ‘ಯಾವುದರ ಬಗ್ಗೆ ಬರೆದಿದ್ದಾರೆ?’ ಎಂದು ಕೇಳಿದರೆ ಬರುವ ಉತ್ತರ ವಿಷಯ. ‘ಅದರ ಬಗ್ಗೆ ಏನು ಹೇಳಿದ್ದಾರೆ?’ ಎಂದು ಕೇಳಿದರೆ ಬರುವ ಉತ್ತರ ಆಶಯ. ವಿಷಯವನ್ನು ಒಂದೆರಡು ಪದಗಳಲ್ಲಿ ಹೇಳಬಹುದು: ‘ಬೆಲ್ಲ’, ‘ಕೆರೆಯ ಹೂಳು’. ಆಶಯವನ್ನು ಹೇಳಲು ಪೂರ್ಣ ವಾಕ್ಯ ಬೇಕು. ಅದಕ್ಕೆ ಕ್ರಿಯಾಪದವೂ ಬೇಕು. ‘ಕೆರೆಯ ಹೂಳು’ ಎಂಬುದು ವಿಷಯ. ‘ಕೆರೆಯ ಹೂಳನ್ನು ಹೊಲಕ್ಕೆ ಸಾಗಿಸಿದರೆ ಕೆರೆಗೂ ಹೊಲಕ್ಕೂ ಲಾಭ’ ಎಂಬುದು ಆಶಯ. ಮಕ್ಕಳಿಗೆ ಕಲಿಸುವಾಗ ಈ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಸಬೇಕು.

3. ನಾಲೆಯ ಹೋಲಿಕೆ

ಇಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಈ ಪಾಠವನ್ನು ನೀರಾವರಿಯ ಮೂಲಕ ವಿವರಿಸುವುದು ಸುಲಭವೆನಿಸುತ್ತದೆ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಉಪನಾಲೆಗಳಾಗಿ, ಉಪನಾಲೆಗಳು ಹೊಲಗಾಲುವೆಗಳಾಗಿ ಕವಲೊಡೆಯುತ್ತವೆ. ಗದ್ಯಭಾಗದಲ್ಲಿ ಮುಖ್ಯ ಆಶಯವೇ ನಾಲೆ. ಅಂಕಿಅಂಶ, ಉದಾಹರಣೆ, ಕಾರಣಗಳು ಅದರಿಂದ ನೀರು ಪಡೆಯುವ ಹೊಲಗಳು.

ಮದ್ದೂರು, ಮಳವಳ್ಳಿ ಭಾಗದ ರೈತರಿಗೆ ‘ಕೊನೆಯ ಭಾಗ’ ಎಂಬ ಮಾತಿನ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ನಾಲೆಯಲ್ಲಿ ನೀರು ಹರಿದರೂ ಕೊನೆಯ ಹೊಲಕ್ಕೆ ತಲುಪದಿದ್ದರೆ ಆ ನೀರಾವರಿ ಪೂರ್ಣವಲ್ಲ. ಉತ್ತರವನ್ನು ಪರೀಕ್ಷಿಸುವ ಕ್ರಮವೂ ಇದೇ. ತಾವು ಆರಿಸಿದ ಉತ್ತರದಿಂದ ಗದ್ಯಭಾಗದ ಮೊದಲ ವಾಕ್ಯಕ್ಕೂ ಮಧ್ಯದ ವಾಕ್ಯಕ್ಕೂ ಕೊನೆಯ ವಾಕ್ಯಕ್ಕೂ ನೀರು ತಲುಪುತ್ತದೆಯೇ? ತಲುಪಿದರೆ ಅದು ಮುಖ್ಯ ಆಶಯ. ಮೊದಲ ಎರಡು ವಾಕ್ಯಗಳಿಗೆ ಮಾತ್ರ ತಲುಪಿ ಉಳಿದವು ಒಣಗಿದರೆ ಅದು ಹೊಲಗಾಲುವೆ ಮಾತ್ರ.

4. ಮೊದಲ ಅಭ್ಯಾಸ

ಈ ಗದ್ಯಭಾಗವನ್ನು ಒಮ್ಮೆ ನಿಧಾನವಾಗಿ ಓದಬೇಕಾಗಿ ಕೋರಿದೆ.

“ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಪ್ರತಿವರ್ಷ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಗೂಡು ಕಟ್ಟುತ್ತವೆ. ಅವು ಆರಿಸಿಕೊಳ್ಳುವುದು ದೂರದ ಕಾಡನ್ನಲ್ಲ, ಊರೊಳಗಿನ ಹುಣಸೆ ಮೊದಲಾದ ಮರಗಳನ್ನು. ಗೂಡುಗಳಿರುವ ಮರದಿಂದ ಮಾಲೀಕರಿಗೆ ದೊರೆಯುವ ಹುಣಸೆಯ ಫಸಲು ಕಡಿಮೆಯಾಗುತ್ತದೆ. ಅಂಗಳದಲ್ಲಿ ಹಿಕ್ಕೆ ಬೀಳುತ್ತದೆ. ಆದರೂ ಊರಿನವರು ಅವುಗಳನ್ನು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಹಿಕ್ಕೆ ಬೆರೆತ ಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾರೆ. 2007ರಲ್ಲಿ ಈ ಪ್ರದೇಶವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.”

ಮುಖ್ಯ ಆಶಯ ಯಾವುದು?

ಅ) ಹಕ್ಕಿಗಳ ಹಿಕ್ಕೆಯಿಂದ ಒಳ್ಳೆಯ ಗೊಬ್ಬರ ದೊರೆಯುತ್ತದೆ.
ಆ) ಪ್ರಾಣಿಪಕ್ಷಿಗಳ ರಕ್ಷಣೆ ಮನುಕುಲದ ಕರ್ತವ್ಯ.
ಇ) ನಷ್ಟವಿದ್ದರೂ ಕೊಕ್ಕರೆಬೆಳ್ಳೂರಿನ ಜನ ಹಕ್ಕಿಗಳನ್ನು ತಮ್ಮವೆಂದು ಕಾಪಾಡಿಕೊಂಡು ಬಂದಿದ್ದಾರೆ.
ಈ) ಹಕ್ಕಿಗಳಿಂದ ಆಗುವ ನಷ್ಟಕ್ಕೆ ಬೇಸತ್ತು ಜನ ಮರ ಕಡಿಯುತ್ತಿದ್ದಾರೆ.

‘ಅ’ ಸುಳ್ಳಲ್ಲ, ಆದರೆ ಅದು ಒಂದು ವಾಕ್ಯಕ್ಕೆ ಮಾತ್ರ ನೀರುಣಿಸುತ್ತದೆ. ‘ಆ’ ಒಳ್ಳೆಯ ಮಾತೇ, ಆದರೆ ಅದಕ್ಕೆ ಕೊಕ್ಕರೆಬೆಳ್ಳೂರೇ ಬೇಕಾಗಿಲ್ಲ. ಯಾವ ಊರಿನ ಹೆಸರಿಟ್ಟರೂ ಹೊಂದುತ್ತದೆ. ‘ಈ’ ಗದ್ಯಭಾಗದಲ್ಲಿರುವ ನಷ್ಟದ ಮಾತನ್ನು ಹಿಡಿದು ಅರ್ಥವನ್ನೇ ತಿರುಗಿಸಿದೆ. ‘ಇ’ ಮಾತ್ರ ಎಲ್ಲ ವಾಕ್ಯಗಳಿಗೂ ಸಲ್ಲುತ್ತದೆ: ಹಕ್ಕಿ ಊರೊಳಗೆ ಬರುವುದು, ನಷ್ಟ, ತವರಿನ ಪ್ರೀತಿ, ಹಿಕ್ಕೆಯನ್ನೂ ಉಪಯೋಗಕ್ಕೆ ತಂದುಕೊಂಡದ್ದು, ಕೊನೆಗೆ ‘ಸಮುದಾಯ’ ಮೀಸಲು ಪ್ರದೇಶವೆಂಬ ಮಾನ್ಯತೆ.

5. ತಪ್ಪು ಉತ್ತರಗಳ ನಾಲ್ಕು ಬಗೆ

ಪ್ರಶ್ನೆಪತ್ರಿಕೆ ತಯಾರಿಸುವವರು ತಪ್ಪು ಉತ್ತರಗಳನ್ನು ಸುಮ್ಮನೆ ಬರೆಯುವುದಿಲ್ಲ. ಓದುಗನು ಎಡವುವ ಸ್ಥಳಗಳನ್ನು ಅರಿತು ಬರೆಯುತ್ತಾರೆ. ಅವುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆ.

ಒಂದು, ಅತಿ ಕಿರಿದಾದದ್ದು: ಗದ್ಯಭಾಗದ ಒಂದು ವಿವರವನ್ನೇ ಆಶಯವೆಂದು ತೋರಿಸುವುದು. ಗದ್ಯಭಾಗದ ಪದಗಳೇ ಅದರಲ್ಲಿರುವುದರಿಂದ ಮಕ್ಕಳು ಇದನ್ನೇ ಹೆಚ್ಚಾಗಿ ಆರಿಸುತ್ತಾರೆ.

ಎರಡು, ಅತಿ ಹಿರಿದಾದದ್ದು: ನೀತಿವಾಕ್ಯದಂತೆ ಕೇಳಿಸುವುದು. ‘ಎಲ್ಲರೂ’, ‘ಎಂದೆಂದಿಗೂ’, ‘ಮಾತ್ರವೇ’ ಎಂಬ ಪದಗಳಿದ್ದರೆ ಎಚ್ಚರ ವಹಿಸಬೇಕು.

ಮೂರು, ತಿರುಗಿಸಿದ್ದು: ಗದ್ಯಭಾಗ ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ಅದರದೇ ಪದಗಳಲ್ಲಿ ಹೇಳುವುದು.

ನಾಲ್ಕು, ಹೊರಗಿನದು: ಲೋಕದಲ್ಲಿ ನಿಜವಾದರೂ ಗದ್ಯಭಾಗದಲ್ಲಿ ಇಲ್ಲದ್ದು. ಕೃಷಿ, ನೀರು, ಹೈನುಗಾರಿಕೆಗಳ ಬಗ್ಗೆ ಗದ್ಯಭಾಗ ಬಂದಾಗ ನಮ್ಮ ಹಳ್ಳಿಯ ಮಕ್ಕಳು ಈ ಬಗೆಯಲ್ಲಿಯೇ ತಪ್ಪುವ ಸಂಭವ ಹೆಚ್ಚು; ಏಕೆಂದರೆ ಅವರಿಗೆ ಆ ವಿಷಯ ಮನೆಯಿಂದಲೇ ಗೊತ್ತು. ‘ನಿನಗೆ ಗೊತ್ತಿರುವುದನ್ನು ಬದಿಗಿಡು, ಈ ಆರು ವಾಕ್ಯಗಳು ಏನು ಹೇಳುತ್ತವೆ, ಅದನ್ನು ಮಾತ್ರ ಹೇಳು’ ಎಂದು ಅವರಿಗೆ ಮತ್ತೆ ಮತ್ತೆ ನೆನಪಿಸಬೇಕು.

6. ಆಶಯ ಮೊದಲ ವಾಕ್ಯದಲ್ಲಿಯೇ ಇರಬೇಕಾಗಿಲ್ಲ

‘ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಓದಿದರೆ ಸಾಕು’ ಎಂಬ ಸಲಹೆ ಪ್ರಚಾರದಲ್ಲಿದೆ. ಅದು ಕೆಲವೊಮ್ಮೆ ಸರಿಯಾದೀತು, ಆದರೆ ಅದನ್ನೇ ನಂಬುವುದು ಅಪಾಯಕರ. ಈ ಗದ್ಯಭಾಗವನ್ನು ನೋಡಬಹುದು.

“ಮಂಡ್ಯ ಜಿಲ್ಲೆಯ ಆಲೆಮನೆಗಳ ಬೆಲ್ಲಕ್ಕೆ ಹೆಸರಿದೆ. ಕೊಳ್ಳುವವರು ಸಾಮಾನ್ಯವಾಗಿ ತಿಳಿಬಣ್ಣದ ಅಚ್ಚನ್ನು ಆರಿಸಿ, ಕಂದುಬಣ್ಣದ್ದನ್ನು ಕೀಳೆಂದು ಬದಿಗಿಡುತ್ತಾರೆ. ಆದರೆ ಬಣ್ಣವೊಂದರಿಂದಲೇ ಬೆಲ್ಲದ ಗುಣವನ್ನು ಅಳೆಯಲಾಗದು. ಕಬ್ಬಿನ ತಳಿ, ಮಣ್ಣು, ಕಾಯಿಸುವ ಕ್ರಮ ಇವುಗಳಿಂದ ಬಣ್ಣ ಬದಲಾಗುತ್ತದೆ. ಬಣ್ಣ ತಿಳಿಯಾಗಲೆಂದು ರಾಸಾಯನಿಕವನ್ನು ಮಿತಿಮೀರಿ ಬೆರೆಸುವುದೂ ಉಂಟು. ಬೆಂಡೆಯ ಲೋಳೆಯಿಂದ ರಸದ ಕೊಳೆಯನ್ನು ತೆಗೆದು ಕಾಯಿಸಿದ ಬೆಲ್ಲ ಕಂದಾಗಿದ್ದರೂ ತಿನ್ನಲು ಯೋಗ್ಯವಾಗಿರುತ್ತದೆ.”

ಇಲ್ಲಿ ಮೊದಲ ವಾಕ್ಯ ಪೀಠಿಕೆ. ಕೊನೆಯ ವಾಕ್ಯ ಉದಾಹರಣೆ. ಮುಖ್ಯ ಆಶಯವಿರುವುದು ಮೂರನೆಯ ವಾಕ್ಯದಲ್ಲಿ. ಅದನ್ನು ತೋರಿಸಿಕೊಡುವ ಪದ ‘ಆದರೆ’. ಕನ್ನಡ ಗದ್ಯದಲ್ಲಿ ಇಂತಹ ಕೈಮರಗಳು ಹಲವು ಇವೆ:

– ‘ಆದರೆ’, ‘ಆದರೂ’, ‘ಹಾಗಿದ್ದರೂ’: ಲೇಖಕರು ದಾರಿ ತಿರುಗಿಸುತ್ತಿದ್ದಾರೆ. ತಿರುವಿನ ನಂತರದ ಮಾತಿಗೆ ಸಾಮಾನ್ಯವಾಗಿ ತೂಕ ಹೆಚ್ಚು.
– ‘ಆದ್ದರಿಂದ’, ‘ಹೀಗಾಗಿ’, ‘ಒಟ್ಟಿನಲ್ಲಿ’: ತೀರ್ಮಾನ ಬರುತ್ತಿದೆ.
– ‘ಉದಾಹರಣೆಗೆ’, ‘ಅಲ್ಲದೆ’, ‘ಜೊತೆಗೆ’: ವಿವರ ಬರುತ್ತಿದೆ, ಆಶಯ ಇದಕ್ಕಿಂತ ಮೊದಲೇ ಬಂದಿರಬಹುದು.
– ಪದದ ಕೊನೆಯ ‘ಏ’ಕಾರ: ‘ಬಣ್ಣವೊಂದರಿಂದಲೇ’ ಎಂಬಲ್ಲಿಯ ಒತ್ತು ಗಮನಾರ್ಹ. ಆ ಒಂದು ಅಕ್ಷರವನ್ನು ಬಿಟ್ಟು ಓದಿದರೆ ವಾಕ್ಯದ ಅರ್ಥವೇ ಬದಲಾಗುತ್ತದೆ.

7. ಹೇಳದೆ ಬಿಟ್ಟ ಆಶಯ

ಕೆಲವು ಗದ್ಯಭಾಗಗಳಲ್ಲಿ ಆಶಯವನ್ನು ಯಾವ ವಾಕ್ಯದಲ್ಲಿಯೂ ಬರೆದಿರುವುದಿಲ್ಲ. ವಿವರಗಳನ್ನು ಕೂಡಿಸಿ ಓದುಗನೇ ಅದನ್ನು ಕಟ್ಟಿಕೊಳ್ಳಬೇಕು. ಅಭ್ಯಾಸಕ್ಕಾಗಿ ರಚಿಸಿದ ಒಂದು ಉದಾಹರಣೆ ಇಲ್ಲಿದೆ.

“ಆ ಊರಿನ ಗ್ರಂಥಾಲಯದ ಬಾಗಿಲು ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುತ್ತದೆ. ಶಾಲೆ ಬಿಡುವುದು ನಾಲ್ಕೂವರೆಗೆ. ಪಕ್ಕದ ಊರಿನ ಪ್ರೌಢಶಾಲೆಗೆ ಹೋದವರ ಬಸ್ಸು ಬರುವುದು ಐದೂಕಾಲಿಗೆ. ಕಬ್ಬು ಕಡಿಯಲು ಹೋದ ಯುವಕರು ಮನೆ ಸೇರುವಾಗ ಕತ್ತಲಾಗಿರುತ್ತದೆ. ಕಪಾಟಿನಲ್ಲಿ ಹೊಸ ಪುಸ್ತಕಗಳಿವೆ. ಓದುಗರ ಹಾಜರಿ ಪುಸ್ತಕದ ಪುಟಗಳು ಖಾಲಿ ಇವೆ.”

ಅ) ಆ ಊರಿನ ಜನರಿಗೆ ಓದಿನಲ್ಲಿ ಆಸಕ್ತಿಯಿಲ್ಲ.
ಆ) ಗ್ರಂಥಾಲಯಕ್ಕೆ ಇನ್ನೂ ಹೊಸ ಪುಸ್ತಕಗಳು ಬೇಕು.
ಇ) ಗ್ರಂಥಾಲಯ ತೆರೆದಿರುವ ವೇಳೆ ಓದುಗರ ಬಿಡುವಿನ ವೇಳೆಗೆ ಹೊಂದುವುದಿಲ್ಲ.
ಈ) ಬಸ್ಸು ಬೇಗ ಬಂದರೆ ಮಕ್ಕಳು ಹೆಚ್ಚು ಓದುತ್ತಾರೆ.

ಖಾಲಿ ಹಾಜರಿ ಪುಸ್ತಕವನ್ನು ಮಾತ್ರ ನೋಡಿದವರು ‘ಅ’ ಎನ್ನುತ್ತಾರೆ. ಆದರೆ ಆ ಉತ್ತರವು ಬಾಗಿಲು ಮುಚ್ಚುವ ವೇಳೆ, ಬಸ್ಸು, ಕತ್ತಲು ಇವುಗಳಲ್ಲಿ ಯಾವುದಕ್ಕೂ ಉತ್ತರವಾಗುವುದಿಲ್ಲ. ಮೊದಲ ನಾಲ್ಕು ವಾಕ್ಯಗಳಲ್ಲಿಯೂ ವೇಳೆಯ ಪ್ರಸ್ತಾಪವೇ ಏಕೆ ಬರುತ್ತದೆ ಎಂದು ಕೇಳಿಕೊಂಡರೆ ‘ಇ’ ತಾನಾಗಿಯೇ ಹೊಳೆಯುತ್ತದೆ. ಹೇಳದ ಆಶಯವನ್ನು ಹಿಡಿಯುವ ಸೂತ್ರ ಇದೇ: ಮತ್ತೆ ಮತ್ತೆ ಬರುವುದು ಯಾವುದು, ಅದು ಏಕೆ ಬರುತ್ತಿದೆ?

ಈ ಗದ್ಯಭಾಗ ಪರೀಕ್ಷೆಗಷ್ಟೇ ಸೀಮಿತವಲ್ಲ. ತಮ್ಮ ಪಂಚಾಯಿತಿಯ ಅರಿವು ಕೇಂದ್ರದ ಹಾಜರಿ ಪುಸ್ತಕವನ್ನು ತೆರೆದು ನೋಡಿ, ಅದರ ಆಶಯವನ್ನೂ ತಾವು ಇದೇ ರೀತಿ ಓದಬಹುದು.

8. ಸುತ್ತೋಲೆಯನ್ನು ಓದುವಾಗಲೂ ಇದೇ ಕ್ರಮ

ಮುಖ್ಯ ಆಶಯವನ್ನು ಗುರುತಿಸುವ ಶಕ್ತಿ ಮಕ್ಕಳಿಗೆ ಮಾತ್ರ ಬೇಕಾದದ್ದಲ್ಲ. ಸದಸ್ಯರ ಕೈಗೆ ಬರುವ ಪತ್ರಗಳೂ ಗದ್ಯಭಾಗಗಳೇ. ಮಾದರಿಗಾಗಿ ರಚಿಸಿದ ಈ ವಾಕ್ಯವನ್ನು ಗಮನಿಸಬೇಕು.

“ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬೇಸಿಗೆಯಲ್ಲಿ ಕುಡಿಯುವ ನೀರಿನ ಅಭಾವ ಉಂಟಾಗುವ ಸಂಭವವಿರುವುದರಿಂದ, ಉಲ್ಲೇಖಿತ ಪತ್ರದಲ್ಲಿ ಸೂಚಿಸಿರುವಂತೆ, ಎಲ್ಲಾ ಕೊಳವೆಬಾವಿಗಳ ಸ್ಥಿತಿಗತಿಯನ್ನು ಪರಿಶೀಲಿಸಿ, ದುರಸ್ತಿ ಅಗತ್ಯವಿರುವವುಗಳ ಪಟ್ಟಿಯನ್ನು ಸಾಮಾನ್ಯ ಸಭೆಯ ಮುಂದೆ ಮಂಡಿಸಿ, ಸಭೆಯ ಅನುಮೋದನೆ ಪಡೆದ ನಂತರವೇ ಕಾಮಗಾರಿ ಕೈಗೊಳ್ಳತಕ್ಕದ್ದು.”

ಇದರ ವಿಷಯ ಕುಡಿಯುವ ನೀರು. ಆದರೆ ಆಶಯ? ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆದ್ದರಿಂದ ಆಡಳಿತದ ಪತ್ರಗಳಲ್ಲಿ ಆದೇಶವೂ ಕೊನೆಯಲ್ಲಿಯೇ ಇರುತ್ತದೆ. ‘ನಂತರವೇ’ ಎಂಬ ಏಕಾರವನ್ನೂ ‘ಕೈಗೊಳ್ಳತಕ್ಕದ್ದು’ ಎಂಬ ಕ್ರಿಯಾಪದವನ್ನೂ ಹಿಡಿದರೆ ಆಶಯ ಸ್ಪಷ್ಟ: ಸಭೆ ಒಪ್ಪುವ ಮೊದಲು ಕಾಮಗಾರಿ ಆರಂಭಿಸುವಂತಿಲ್ಲ. ಮೊದಲ ಸಾಲನ್ನು ಮಾತ್ರ ಓದಿದ ಸದಸ್ಯರಿಗೆ ಇದು ನೀರಿನ ಅಭಾವದ ಪತ್ರ. ಕೊನೆಯವರೆಗೆ ಓದಿದವರಿಗೆ ಇದು ಅವರದೇ ಅಧಿಕಾರದ ಪತ್ರ. ಅನುಮೋದನೆಯನ್ನು ಕೇಳಬೇಕಾದವರು, ಕೊಡಬೇಕಾದವರು, ತಡೆಹಿಡಿಯಬಹುದಾದವರು ತಾವೇ. ಈ ಮಾತನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಓದಿ ಹೇಳುವವರೆಗೆ ಕಾಯಬೇಕಾಗಿಲ್ಲ.

ದೀರ್ಘ ವಾಕ್ಯಗಳಿರುವ ಪತ್ರ ಬಂದಾಗ ಮೂರು ಗುರುತು ಹಾಕಿಕೊಂಡರೆ ಸಾಕು: ಕೊನೆಯ ಕ್ರಿಯಾಪದ ಯಾವುದು, ಆ ಕೆಲಸವನ್ನು ಮಾಡಬೇಕಾದವರು ಯಾರು, ಯಾವ ಷರತ್ತಿನ ಮೇಲೆ ಅಥವಾ ಎಷ್ಟು ದಿನದೊಳಗೆ.

9. ಅರಿವು ಕೇಂದ್ರದಲ್ಲಿ ಪಾಠ ನಡೆಸುವ ಬಗೆ

ವಾರಕ್ಕೊಂದು ಸಲ, ಅರ್ಧ ಗಂಟೆ ಸಾಕು. ನವೋದಯ ಪರೀಕ್ಷೆಯಲ್ಲಿ ಭಾಷಾ ವಿಭಾಗಕ್ಕೆ ನಿಗದಿಯಾದ ಅವಧಿಯೂ 30 ನಿಮಿಷ. ಅಂದರೆ ಒಂದು ಗದ್ಯಭಾಗಕ್ಕೆ ಏಳೂವರೆ ನಿಮಿಷ. ಆರಂಭದಲ್ಲಿ ಒಂದೇ ಗದ್ಯಭಾಗವನ್ನು ಪೂರ್ತಿ ಅರ್ಧ ಗಂಟೆ ಓದಿಸಿ, ಅಭ್ಯಾಸವಾದಂತೆ ಎರಡು, ಕೊನೆಗೆ ನಾಲ್ಕಕ್ಕೆ ಏರಿಸಬಹುದು. ಕ್ರಮ ಹೀಗಿರಲಿ:

1) ಪ್ರಶ್ನೆಗಳನ್ನು ಒಮ್ಮೆ ನೋಡುವುದು, ಉತ್ತರದ ಆಯ್ಕೆಗಳನ್ನು ಈಗ ಓದಬಾರದು.
2) ಗದ್ಯಭಾಗವನ್ನು ನಿಲ್ಲಿಸದೆ ಒಮ್ಮೆ ಪೂರ್ತಿ ಓದುವುದು. ತಿಳಿಯದ ಪದ ಬಂದರೆ ಗುರುತು ಹಾಕಿ ಮುಂದೆ ಸಾಗುವುದು.
3) ಪುಟವನ್ನು ಮುಚ್ಚಿ, ಆಶಯವನ್ನು ಸ್ವಂತ ಮಾತಿನಲ್ಲಿ ಒಂದು ವಾಕ್ಯದಲ್ಲಿ ಹೇಳುವುದು. ಮನೆಮಾತಿನಲ್ಲಿ ಹೇಳಿದರೂ ಅಡ್ಡಿಯಿಲ್ಲ.
4) ಈಗ ನಾಲ್ಕು ಆಯ್ಕೆಗಳನ್ನು ಓದಿ, ತನ್ನ ವಾಕ್ಯಕ್ಕೆ ಹತ್ತಿರವಾದುದನ್ನು ಆರಿಸುವುದು.
5) ಉಳಿದ ಮೂರು ಏಕೆ ತಪ್ಪೆಂದು ಬಾಯಿಬಿಟ್ಟು ಹೇಳುವುದು: ಕಿರಿದು, ಹಿರಿದು, ತಿರುಗಿಸಿದ್ದು, ಹೊರಗಿನದು.

ಮೂರನೆಯ ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಆಯ್ಕೆಗಳನ್ನು ಮೊದಲೇ ಓದಿದ ಮಗು ಪ್ರಶ್ನೆ ತಯಾರಿಸಿದವರ ಮಾತಿಗೆ ಮರುಳಾಗುತ್ತದೆ. ತನ್ನ ವಾಕ್ಯವನ್ನು ಮೊದಲೇ ಕಟ್ಟಿಕೊಂಡ ಮಗು ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ನವೋದಯ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು ತಿಳಿಸಬೇಕು. ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಡಿತವಾಗುವುದರಿಂದ ಅಲ್ಲಿ ಊಹೆ ಸಲ್ಲದು.

ಗದ್ಯಭಾಗಗಳಿಗಾಗಿ ಹಣ ವ್ಯಯಿಸಬೇಕಾಗಿಲ್ಲ. ಕೇಂದ್ರಕ್ಕೆ ಬರುವ ದಿನಪತ್ರಿಕೆಯ ಸಂಪಾದಕೀಯ ಪುಟದಿಂದ ಒಂದು ಪರಿಚ್ಛೇದವನ್ನು ಆರಿಸಿ, ಗ್ರಂಥಾಲಯ ಮೇಲ್ವಿಚಾರಕರು ಅದಕ್ಕೆ ನಾಲ್ಕು ಆಯ್ಕೆಗಳನ್ನು ಬರೆಯಬಹುದು. ಮಕ್ಕಳಿಂದಲೇ ತಪ್ಪು ಆಯ್ಕೆಗಳನ್ನು ಬರೆಯಿಸುವುದು ಇನ್ನೂ ಉತ್ತಮ. ಬಲೆ ಹೆಣೆಯಲು ಕಲಿತವರು ಬಲೆಗೆ ಬೀಳುವುದು ಕಡಿಮೆ.

10. ಸದಸ್ಯರಲ್ಲಿ ಕೋರಿಕೆ

ಶಿಕ್ಷಣದ ವಿಷಯ ಪಂಚಾಯಿತಿಯ ಸ್ಥಾಯಿ ಸಮಿತಿಯ ವ್ಯಾಪ್ತಿಗೆ ಬರುತ್ತದೆ. ಸಮಿತಿಯ ಮುಂದಿನ ಸಭೆಯಲ್ಲಿ ಈ ಮೂರು ಅಂಶಗಳನ್ನು ಚರ್ಚೆಗೆ ತೆಗೆದುಕೊಳ್ಳಬಹುದು: ಅರಿವು ಕೇಂದ್ರದ ವೇಳೆ ಓದುಗರ ಬಿಡುವಿಗೆ ಹೊಂದುತ್ತದೆಯೇ; ವಾರಕ್ಕೊಂದು ಓದಿನ ಪಾಠಕ್ಕೆ ಊರಿನ ಪದವೀಧರ ಯುವಕ-ಯುವತಿಯರು ನೆರವಾಗುವರೇ; 5ನೇ ತರಗತಿಯಲ್ಲಿರುವ ಮಕ್ಕಳ ಪಾಲಕರಿಗೆ ನವೋದಯ ಪರೀಕ್ಷೆಯ ಅರ್ಜಿಯ ವಿಷಯ ಸಕಾಲದಲ್ಲಿ ತಲುಪುತ್ತಿದೆಯೇ. ಮಕ್ಕಳ ಗ್ರಾಮ ಸಭೆಯಲ್ಲಿ ಒಂದು ಗದ್ಯಭಾಗವನ್ನು ಓದಿಸಿ ಆಶಯವನ್ನು ಕೇಳಿದರೆ, ಊರಿನ ಮಕ್ಕಳ ಓದು ಯಾವ ಮಟ್ಟದಲ್ಲಿದೆಯೆಂಬುದು ಯಾವ ವರದಿಯೂ ಇಲ್ಲದೆ ತಿಳಿದುಬರುತ್ತದೆ.

ಸ್ವಂತ ಅಭ್ಯಾಸಕ್ಕೆ

“1938ರ ಏಪ್ರಿಲ್ ತಿಂಗಳಿನಲ್ಲಿ ಮದ್ದೂರಿನ ಸಮೀಪದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಧ್ವಜಾರೋಹಣಕ್ಕೆ ಸಂಸ್ಥಾನದ ಸರ್ಕಾರ ನಿಷೇಧ ಹೇರಿತ್ತು. ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರೂ ಇತರ ನಾಯಕರೂ ನಿಷೇಧವನ್ನು ಮೀರಿ ಬಂಧನಕ್ಕೊಳಗಾದರು. ಬಂಧನದಿಂದ ಚಳವಳಿ ತಣ್ಣಗಾಗಲಿಲ್ಲ. ಅದೇ ತಿಂಗಳು ದೂರದ ವಿದುರಾಶ್ವತ್ಥದಲ್ಲಿಯೂ ಜನರು ಧ್ವಜ ಹಿಡಿದು ನೆರೆದರು. ಅಲ್ಲಿ ಗೋಲಿಬಾರ್ ನಡೆಯಿತು. ಇಂದು ಶಿವಪುರದಲ್ಲಿ ಸತ್ಯಾಗ್ರಹ ಸೌಧ ನಿಂತಿದೆ.”

ಅ) ಶಿವಪುರದಲ್ಲಿ ಸತ್ಯಾಗ್ರಹ ಸೌಧವಿದೆ.
ಆ) ನಿಷೇಧ ಮತ್ತು ಬಂಧನಗಳಿಂದ ಧ್ವಜ ಸತ್ಯಾಗ್ರಹವನ್ನು ಅಡಗಿಸಲಾಗಲಿಲ್ಲ.
ಇ) ಸ್ವಾತಂತ್ರ್ಯಕ್ಕಾಗಿ ಹೋರಾಡುವುದು ಎಲ್ಲ ಮನುಷ್ಯರ ಹಕ್ಕು.
ಈ) ನಾಯಕರ ಬಂಧನದೊಂದಿಗೆ ಚಳವಳಿ ಮುಗಿಯಿತು.

ಉತ್ತರ: ಆ. (‘ಅ’ ಕಿರಿದು, ‘ಇ’ ಹಿರಿದು, ‘ಈ’ ತಿರುಗಿಸಿದ್ದು.) ಉತ್ತರವನ್ನು ನೋಡುವ ಮೊದಲು ತಮ್ಮ ವಾಕ್ಯವನ್ನು ಕಾಗದದ ಮೇಲೆ ಬರೆದುಕೊಂಡವರು ಈ ಪಾಠವನ್ನು ನಾಳೆಯೇ ತಮ್ಮ ಅರಿವು ಕೇಂದ್ರದಲ್ಲಿ ನಡೆಸಬಲ್ಲರು.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮದ್ದೂರು ತಾಲ್ಲೂಕು